ಸುಧಾಕರಣ್ಣನ ಎರಡನೆಯ ಶನಿವಾರ

ನಾಶಿಕದ ಅಂಬಡ್‌ನಲ್ಲಿ ಹಿಟ್ಟಿನ ಗಿರಣಿಯ ಮೇಲೆ ಒಂದು ಬಾಡಿಗೆ ಹಾಲ್. ನಮ್ಮ ಕನ್ನಡ ಕ್ರೈಸ್ತ ಸಭೆ ಕೂಡುವುದು ಅಲ್ಲೇ. ಮೂವತ್ತು ಮನೆಯವರು, ಹೆಚ್ಚಿನವರು ಬೀದರ ಕಡೆಯವರು. ಭಾನುವಾರ ಮೆಟ್ಟಿಲಲ್ಲೇ ನಗು ಕೇಳಿಸಿದರೆ ಸುಧಾಕರಣ್ಣ ಬಂದರೆಂದು ಅರ್ಥ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಅವರೇ ಸಭೆಯಲ್ಲಿ ಢೋಲಕ್ ಬಾರಿಸುವವರು.

"ತಂಗೆಮ್ಮ, ಜಮಖಾನ ಮೆಲ್ಲಕ ಝಾಡಿಸು. ಮಂದಿ ಬಿಟ್ಟುಹೋದ ಪಾಪ ಎಲ್ಲಾ ನನ್ನ ಮೈಮ್ಯಾಲೆ ಬೀಳ್ಲಿಕತ್ತದ" ಎಂದು, ಹಾಸು ಕೊಡವುವ ನನಗೆ ಹೇಳಿ ಎಲ್ಲರನ್ನೂ ನಗಿಸುವರು.

ಹೆಂಡತಿ ವಸಂತಿಯನ್ನು ಯಾರಾದರೂ ಕೇಳಿದರೆ, "ಬೀದರಕ್ಕ, ತವರಿಗೆ ಹೋಗ್ಯಾಳ. ಅವರವ್ವಗ ಆರಾಮಿಲ್ಲ" ಎಂಬ ಉತ್ತರ. ಮೂರು ವರ್ಷದಿಂದ ಆ ತಾಯಿಗಾಗಿ ನಾವು ವಾರವಾರ ಪ್ರಾರ್ಥಿಸುತ್ತಿದ್ದೆವು.

ಕಳೆದ ಜೂನ್‌ನಲ್ಲಿ, ತಿಂಗಳ ಎರಡನೆಯ ಶನಿವಾರ, ತಂಗಿಯನ್ನು ನೋಡಲು ನಾನು ಸಂಭಾಜಿನಗರದ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಸುಧಾಕರಣ್ಣ ಕಿಟಕಿಗೆ ತಲೆಯಾನಿಸಿ ಕುಳಿತಿದ್ದರು. ತುಟಿಗಳು ಅಲುಗುತ್ತಿದ್ದವು. ಪ್ರಾರ್ಥನೆ ಮಾಡುತ್ತಿದ್ದಾರೆಂದು ಮಾತಾಡಿಸಲಿಲ್ಲ. ವೈಜಾಪುರದಲ್ಲಿ ಚಹಾಕ್ಕೆ ಇಳಿಯಲು ಎದ್ದಾಗ ನನ್ನನ್ನು ಕಂಡರು. ನಗಲು ನೋಡಿದರು, ಆಗಲಿಲ್ಲ. ಇಳಿಯದೆ ನನ್ನ ಪಕ್ಕಕ್ಕೆ ಬಂದು ಕುಳಿತರು.

"ಅವರವ್ವ ತೀರಿಕೊಂಡು ಆರು ವರ್ಷಾತು ತಂಗೆಮ್ಮ. ವಸಂತಿ ಸಂಭಾಜಿನಗರದ ಆಶ್ರಮದಾಗ ಅದಾಳ. ಮನಸ್ಸಿನ ಬ್ಯಾನಿ. ಪ್ರತಿ ತಿಂಗಳ ಎರಡನೇ ಶನಿವಾರ ನೋಡ್ಲಿಕ್ಕ ಹೋಗ್ತೀನಿ. ನನ್ನ ಗುರ್ತೂ ಹಿಡಿಯಂಗಿಲ್ಲ."

"ಸಭೆಗೆ ಯಾಕೆ ಹೇಳಲಿಲ್ರಿ?"

"ದೆವ್ವ ಅಂತಾರ. ತಲಿ ಮ್ಯಾಲೆ ಕೈಯಿಟ್ಟು ಒದರ್ತಾರ. ಅಕಿ ಮೊದಲೇ ಸಪ್ಪಳಕ್ಕ ಅಂಜ್ತಾಳ."

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ, ಉಳಿಸಿಕೊಂಡೆ. ಅದು ಸರಿಯಾಯಿತೋ ಇಲ್ಲವೋ ಇನ್ನೂ ತಿಳಿಯದು.

ಮದುವೆಯ ದಿನ ಬಂದ ವಾರ ಗಂಡಹೆಂಡತಿ ಸಭೆಯ ಮುಂದೆ ನಿಂತು ದೇವರಿಗೆ ಸ್ತೋತ್ರ ಹೇಳುವುದು ನಮ್ಮಲ್ಲಿ ರೂಢಿ. ನವೆಂಬರಿನಲ್ಲಿ ಸುಧಾಕರಣ್ಣನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಸ್ತ್ರೀಯರ ಸಂಘ ನಡೆಸುವ ಶಾಂತಾಬಾಯಿ, ಸುಧಾಕರಣ್ಣನಿಗೆ ತಿಳಿಯದಂತೆ, ವಸಂತಿಗೆ ಹಸಿರು ಸೀರೆ ತಂದಿದ್ದರು. ಆ ಭಾನುವಾರ ಅವರನ್ನು ಮುಂದೆ ಕರೆದು ಸೀರೆ ಕೈಗಿತ್ತರು.

"ಸುಧಾಕರಣ್ಣಾ, ಒಬ್ಬರೇ ನಿಂತರ ಚಂದ ಕಾಣಂಗಿಲ್ರಿ. ಊರಿನ ಅಡ್ರೆಸ್ ಕೊಡ್ರಿ. ಬರೋ ವಾರ ಬೀದರಕ್ಕ ಹೋಗಿ ನಾನೇ ಅಕಿನ್ನ ಕರಕೊಂಡು ಬರ್ತೀನಿ."

"ನೀವು ಕರೆದ್ರ ಬರ್ತಾಳ. ನಾನು ಕರೆದ್ರ..." ಎಂದು ಅವರು ಎಂದಿನಂತೆ ತಮಾಷೆ ಶುರುಮಾಡಿದರು. ಮಂದಿ ಆಗಲೇ ನಗುತ್ತಿದ್ದರು. ಅವರು ಮಾತು ಮುಗಿಸದೆ ಸೀರೆಯ ಮಡಿಕೆಯನ್ನು ಸವರಿದರು. ಕೆಳಗೆ ಗಿರಣಿಯ ಸದ್ದು ಕೇಳುತ್ತಿತ್ತು.

"ಅಕಿ ಬೀದರದಾಗ ಇಲ್ಲ" ಎಂದರು. ಬಸ್ಸಿನಲ್ಲಿ ನನಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿದರು. "ದೇವರ ಮುಂದ ಸುಳ್ಳು ಹೇಳೀನಿ. ಕ್ಷಮಾ ಮಾಡ್ರಿ. ಯಾರೂ ಅಲ್ಲಿಗೆ ಹೋಗಿ ಒದರಬ್ಯಾಡ್ರಿ. ಇಲ್ಲೇ ಕುಂತು ಮೆಲ್ಲಕ ಪ್ರಾರ್ಥನಿ ಮಾಡ್ರಿ."

ನಮ್ಮ ಪಾಸ್ಟರ್ ರವಿಕಾಂತ ಅವರು ಬಾಯಿ ತೆರೆದು ಪ್ರಾರ್ಥಿಸಲಿಲ್ಲ. ಮೊಣಕಾಲೂರಿದರು. ನಾವೂ ಊರಿದೆವು. ದೆವ್ವದ ಮಾತು ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಆದರೆ ಅಂದಿನಿಂದ ಅವರು ಬಂದೊಡನೆ ಎಲ್ಲರ ಮಾತು ತಗ್ಗುತ್ತದೆ. "ಹೆಂಗದಾರ್ರಿ ಅಕ್ಕ?" ಎಂದು ಕೇಳಿ ಜಾಗ ಬಿಟ್ಟು ಸರಿಯುತ್ತಾರೆ. ಅವರು ಜಮಖಾನದ ಮಾತು ತೆಗೆದರೆ ನಗುವವರಿಲ್ಲ.

"ಹೇಳಬಾರದಿತ್ತೇನೋ ತಂಗೆಮ್ಮ" ಎಂದರು ಒಂದು ದಿನ. ಬರುವ ಎರಡನೆಯ ಶನಿವಾರ ಜೊತೆಗೆ ಬರುತ್ತೇನೆ ಎಂದಷ್ಟೇ ಹೇಳಿದೆ.

ಆ ಶನಿವಾರ ಬಸ್ಸಿನಲ್ಲಿ ಅವರ ತುಟಿಗಳು ಮತ್ತೆ ಅಲುಗುತ್ತಿದ್ದವು. ಹತ್ತಿರದಲ್ಲೇ ಕುಳಿತಿದ್ದರಿಂದ ಈ ಸಲ ಕೇಳಿಸಿತು. ಅದು ಪ್ರಾರ್ಥನೆಯಲ್ಲ, ಜಮಖಾನದ ಮಾತು. ಅದನ್ನೇ ತಿರುಗಿಸಿ, ಹೊರಳಿಸಿ ಹೇಳಿಕೊಳ್ಳುತ್ತಿದ್ದರು.

ಆಶ್ರಮದ ಕಟ್ಟೆಯ ಮೇಲೆ ಕುಳಿತಿದ್ದ ವಸಂತಿ ನಾವು ತಂದ ಹಸಿರು ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. "ನೀವ್ ಯಾರ್ರಿ?" ಎಂದು ಗಂಡನನ್ನು ಕೇಳಿದಳು.

"ಜಮಖಾನ ಝಾಡಸಾಂವ ರೀ. ಈ ಊರಿನ ಪಾಪ ಎಲ್ಲಾ ನನ್ನ ಮೈಮ್ಯಾಲೆ ಬಿದ್ದದ, ನೋಡ್ರಿ."

ಅವಳು ಅವರ ಹೆಗಲನ್ನು ದಿಟ್ಟಿಸಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು, ಕೈ ಚಾಚಿ ಅವರ ಅಂಗಿಯ ಧೂಳು ಕೊಡವತೊಡಗಿದಳು. ಗಂಡನ ಗುರುತು ಮಾತ್ರ ಸಿಕ್ಕಿರಲಿಲ್ಲ. ಸುಧಾಕರಣ್ಣ ಮತ್ತೊಂದು ಹೆಗಲನ್ನೂ ಅವಳ ಕಡೆ ತಿರುಗಿಸಿ ಕುಳಿತರು.