ಗಂಗಣ್ಣನವರ ಹನ್ನೊಂದು ಹೆಜ್ಜೆ

ನಾನು ನಿಂತಿದ್ದದ್ದು ಸ್ಟೌವಿನ ಎಡಗಡೆ, ಒಂದು ಮೊಳ ದೂರದಲ್ಲಿ. ಜಾಗ ರಾಜಾಜಿನಗರ; ಹೊಸದಾಗಿ ಎದ್ದಿದ್ದ ಕಾರ್ಮಿಕರ ಮನೆಗಳ ಎರಡನೆಯ ಸಾಲಿನ ಮುಂದೆ, ಬೀದಿ ಕೊಳಾಯಿಯ ಪಕ್ಕ. ಭಾನುವಾರ, ಬೆಳಗ್ಗೆ ಹತ್ತಕ್ಕೆ ಸ್ವಲ್ಪ ಮುಂಚೆ. ಕೊಳಾಯಿ ನೀರು ಹತ್ತಕ್ಕೆ ನಿಲ್ಲುತ್ತಿತ್ತು, ಇನ್ನೂ ನಿಂತಿರಲಿಲ್ಲ. ಹಾಗಾಗಿ ಹೊತ್ತಿನ ಬಗ್ಗೆ ಅನುಮಾನವಿಲ್ಲ. ವರ್ಷ ಮಾತ್ರ ಐವತ್ತಾರೋ ಐವತ್ತೇಳೋ ಎಂದು ನನಗೂ ನನ್ನ ಹೆಂಡತಿಗೂ ವಾದವಿದೆ. ಅವಳು ಆಗ ನನ್ನನ್ನು ನೋಡಿಯೇ ಇರಲಿಲ್ಲ. ಆದರೂ ವಾದದಲ್ಲಿ ಗೆಲ್ಲುವುದು ಅವಳೇ.

ಈ ಲೆಕ್ಕಾಚಾರವೆಲ್ಲ ಈಗ ಯಾಕೆಂದರೆ, ಮೊಮ್ಮಗಳು ಕೆಲಸ ಮಾಡುವ ಕಂಪನಿಯವರು ತಮ್ಮ ಮಾರಾಟ ವಿಭಾಗದ ಹುಡುಗ ಹುಡುಗಿಯರಿಗೆ ನಾಯಕತ್ವದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಜೀವನವೆಲ್ಲ ಸರಕು ಮಾರಿದ ಮುದುಕನಿಗೆ ಏನಾದರೂ ಗೊತ್ತಿರಬೇಕು ಎಂಬುದು ಅವರ ಅಂದಾಜು. "ತಾತ, ಐದು ಪಾಯಿಂಟ್ ಸಾಕು. ಸ್ಕ್ರೀನ್ ಮೇಲೆ ಹಾಕ್ತೀವಿ" ಎಂದು ಮೊಮ್ಮಗಳು ಮೂರು ಪುಸ್ತಕ ತಂದುಕೊಟ್ಟಳು. ಮೂರರ ರಟ್ಟಿನ ಮೇಲೂ ಒಬ್ಬ ಮನುಷ್ಯ ಬೆಟ್ಟದ ತುದಿಯಲ್ಲಿ ಕೈಕಟ್ಟಿ ನಿಂತಿದ್ದಾನೆ. ಅಷ್ಟೆತ್ತರದಲ್ಲಿ ಅವನು ಯಾರಿಗೆ ಏನು ಮಾರುತ್ತಾನೆ ಎಂಬ ಯೋಚನೆ ಬಂದು, ಪುಸ್ತಕ ಹತ್ತನೆಯ ಪುಟದಿಂದ ಮುಂದೆ ಹೋಗಲಿಲ್ಲ.

ನನಗೆ ಗೊತ್ತಿರುವುದು ಒಂದೇ. ಅದು ನಡೆದದ್ದು ಬೆಟ್ಟದ ಮೇಲಲ್ಲ, ಕೊಳಾಯಿಯ ಕೆಸರಿನಲ್ಲಿ.

ನಮ್ಮ ಯಜಮಾನರು ಗಂಗಣ್ಣನವರು. ಹೆಗ್ಗನಹಳ್ಳಿ ಕಡೆಯ ಬೇಸಾಯದ ಮನೆಯವರು. ಬಸ್ಸು ರಿಪೇರಿ ಮಾಡುವಲ್ಲಿ ಬೆಸುಗೆ ಕಲಿತು, ರಾಜಾಜಿನಗರದಲ್ಲಿ ಒಂದು ಶೆಡ್ಡು ಹಾಕಿ ಹಿತ್ತಾಳೆಯ ಪಂಪ್ ಸ್ಟೌವ್ ಮಾಡುತ್ತಿದ್ದರು. ಶೆಡ್ಡಿನ ಬಾಗಿಲಲ್ಲಿ ಒಂದು ಕಲ್ಲಿನ ನೀರು ತೊಟ್ಟಿ. ಸೈಕಲ್ ಟ್ಯೂಬು ಪರೀಕ್ಷಿಸುವ ಹಾಗೆ, ಪ್ರತಿಯೊಂದು ಸ್ಟೌವಿನ ಟ್ಯಾಂಕಿಗೂ ಗಾಳಿ ಹೊಡೆದು ಅದರಲ್ಲಿ ಮುಳುಗಿಸಬೇಕು. ಗುಳ್ಳೆ ಎದ್ದರೆ ಬೆಸುಗೆ ಬಿಟ್ಟಿದೆ ಎಂದರ್ಥ. ಈ ಕೆಲಸವನ್ನು ಗಂಗಣ್ಣನವರು ಇನ್ನೊಬ್ಬರಿಗೆ ಬಿಟ್ಟವರಲ್ಲ. ಸಂತೆಯಲ್ಲಿ ಕುಂಬಾರ ಮಡಕೆಯನ್ನು ಕೊಡುವ ಮುಂಚೆ ಬೆರಳ ಗೆಣ್ಣಿನಿಂದ ಬಡಿದು ತೋರಿಸುತ್ತಾನಲ್ಲ, ಅದನ್ನು ನೆನೆಯಿರಿ. ಕೊಳ್ಳುವವಳಿಗೆ ಕೇಳಿಸುವಂತೆಯೇ ಬಡಿಯುತ್ತಾನೆ. ಬಿರುಕಿದ್ದರೆ ಇಬ್ಬರಿಗೂ ಒಟ್ಟಿಗೇ ತಿಳಿಯುತ್ತದೆ. ಮಾರಾಟದ ವಿದ್ಯೆಯಲ್ಲಿ ಇದಕ್ಕಿಂತ ಹಳೆಯದು ಯಾವುದಿದೆಯೋ ನಾನರಿಯೆ. ಆ ಮೂರು ಪುಸ್ತಕಗಳ ಹಿಂದಿನ ಸೂಚಿಯಲ್ಲಂತೂ ಕುಂಬಾರನಿಲ್ಲ.

ಆ ತಿಂಗಳು ಪೇಟೆಯ ಒಬ್ಬ ಸಗಟು ವ್ಯಾಪಾರಿ ನಮ್ಮ ಸ್ಟೌವನ್ನು ಎಲ್ಲ ಊರುಗಳಿಗೂ ಹಂಚುವ ಮಾತಾಡಿದ್ದರು. ಅದೊಂದು ಒಪ್ಪಿಗೆ ಸಿಕ್ಕರೆ ಶೆಡ್ಡು ಕಾರ್ಖಾನೆಯಾಗುತ್ತಿತ್ತು. ಅವಸರದಲ್ಲಿ ಗಂಗಣ್ಣನವರು, "ಈ ಎರಡು ವಾರ ಹತ್ತಕ್ಕೊಂದು ಮುಳುಗಿಸಿದ್ರೆ ಸಾಕು ಕಣಯ್ಯ" ಎಂದರು. ನಾನು ಮನಸಾರೆ ಒಪ್ಪಿದೆ. ತೊಟ್ಟಿಗೆ ನೀರು ಹೊರುತ್ತಿದ್ದವನು ನಾನು.

ಆ ಭಾನುವಾರ ಅದೇ ವ್ಯಾಪಾರಿಗಳು ನಮ್ಮ ಪ್ರದರ್ಶನ ನೋಡಲು ಬಂದಿದ್ದರು. ಬೆಂಚಿನ ಮೇಲೆ ಸ್ಟೌವ್, ಪಕ್ಕದಲ್ಲಿ ರವೆ, ಒಗ್ಗರಣೆ ಸಾಮಾನು. ಸುತ್ತ ಮೂವತ್ತು ಮಂದಿ ಹೆಂಗಸರು. ಜನರ ಹಿಂದೆ, ಬೇವಿನ ಗಿಡದ ಹತ್ತಿರ, ಗಂಗಣ್ಣನವರು ಮತ್ತು ವ್ಯಾಪಾರಿಗಳು. ನಾನು ಇಪ್ಪತ್ತೆರಡರವನು, ಇಸ್ತ್ರಿ ಮಾಡಿದ ಶರಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ನನ್ನ ಭಾಷಣ ನನಗೆ ಬಾಯಿಪಾಠ.

"ಸೌದೆ ಬೇಡ, ಊದೋದು ಬೇಡ, ಹೊಗೆ ಇಲ್ಲ, ಕಣ್ಣಲ್ಲಿ ನೀರಿಲ್ಲ!"

"ಹೊಗೇನೇ ಇಲ್ದಿದ್ರೆ ಅತ್ತೆ ಮುಂದೆ ಅಳೋಕೆ ಏನಂತ ನೆಪ ಹೇಳೋದಪ್ಪ?" ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು. ನಾನೂ ನಕ್ಕು, ಸ್ಪಿರಿಟ್ ಹಚ್ಚಿ, ಬರ್ನರ್ ಕಾದ ಮೇಲೆ ಮೂರು ಸಲ ಪಂಪ್ ಒತ್ತಿದೆ. ನೀಲಿ ಉರಿ ಭೋರೆಂದಿತು.

ಆಗ ಅದನ್ನು ಕಂಡೆ. ಟ್ಯಾಂಕಿನ ಕೆಳಗಿನ ಬೆಸುಗೆಯ ಮೇಲೆ ಸೀಮೆಎಣ್ಣೆಯ ಒಂದು ಹನಿ. ಸಾಸಿವೆಗಿಂತ ದೊಡ್ಡದು, ಕಡಲೆಗಿಂತ ಚಿಕ್ಕದು. ತುಂಬುವಾಗ ಚೆಲ್ಲಿದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಚೆಲ್ಲಿರಲಿಲ್ಲವೆಂದು ಗೊತ್ತಿತ್ತು, ತುಂಬಿದವನು ನಾನೇ. ಬೇವಿನ ಗಿಡದ ಕಡೆ ನೋಡಿದೆ. ವ್ಯಾಪಾರಿಗಳು ತಲೆಯಾಡಿಸುತ್ತಿದ್ದರು. ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ. ಅದೇ ಕೈಯಲ್ಲಿ, ಸ್ಟೌವಿನ ದೂಳು ಒರೆಸುವವನಂತೆ, ಹನಿಯನ್ನೂ ಒರೆಸಿಬಿಟ್ಟೆ.

ನಮ್ಮ ಪದ್ಧತಿಯ ಪ್ರಕಾರ ಮುಂದಿನದು, ಗುಂಪಿನಿಂದ ಒಬ್ಬ ಹೆಂಗಸನ್ನು ಕರೆದು ಪಂಪ್ ಒತ್ತಿಸುವುದು. ಎಷ್ಟು ಸುಲಭವೆಂದು ತೋರಿಸಲು. ಮುಂದೆ ನಿಂತಿದ್ದ ಹತ್ತೊಂಬತ್ತರ ಹೊಸ ಮದುವಣಗಿತ್ತಿ ಪುಟ್ಟಲಕ್ಷ್ಮಮ್ಮನನ್ನು ಕರೆದೆ. ಆಕೆ ಒಂದು ಕ್ಷಣ ನನ್ನ ಕೈಯಲ್ಲಿದ್ದ ಕರ್ಚೀಫನ್ನು ನೋಡಿದರು. ಗೆಳತಿಯರು, "ಹೋಗೇ, ಅದೇನು ಹುಲೀನಾ?" ಎಂದು ತಳ್ಳಿದರು. ಬಂದು ಬಗ್ಗಿ ಪಂಪ್ ಒತ್ತಿದರು. ಒಂದು. ಎರಡು. ನಾಲ್ಕನೆಯದಕ್ಕೆ ಬೆಸುಗೆಯ ಉದ್ದಕ್ಕೂ ಸೀಮೆಎಣ್ಣೆ ಗೆರೆಯಾಗಿ ಜಿನುಗಿತು. ಮರುಗಳಿಗೆ ಆ ಗೆರೆ ಹತ್ತಿಕೊಂಡಿತು. ಆಕೆಯ ಸೆರಗಿಗೂ ಆ ಉರಿಗೂ ನಡುವೆ ಒಂದು ಗೇಣು.

ಒಳಗಿನ ಗಾಳಿ ಬಿಡುವ ತಿರುಪು ನನ್ನ ಬಲಗೈಯಿಂದ ಒಂದೂವರೆ ಅಡಿ ದೂರವಿತ್ತು. ಆಮೇಲೆ ಅಳೆದು ನೋಡಿದ್ದೇನೆ. ನನ್ನ ಕೈ ಏಳಲಿಲ್ಲ.

ಗಂಗಣ್ಣನವರು ನಿಂತಿದ್ದಲ್ಲಿಂದ ಬೆಂಚಿಗೆ ಹನ್ನೊಂದು ಹೆಜ್ಜೆ. ಅದನ್ನೂ ಅಳೆದಿದ್ದೇನೆ. ಅವರು ಕೂಗಲಿಲ್ಲ. ಜನರ ನಡುವೆ ಬಂದು, "ಹಿಂದಕ್ಕೆ ಬಾರಮ್ಮ" ಎಂದು ಆಕೆಯ ಭುಜ ಹಿಡಿದು ಸರಿಸಿ, ಕಾದ ತಿರುಪನ್ನು ಬರಿಗೈಯಲ್ಲಿ ತಿರುಗಿಸಿದರು. ಬರ್ನರ್ ಸತ್ತಿತು. ಹೆಗಲ ಟವೆಲ್ಲನ್ನು ಬೆಸುಗೆಗೆ ಒತ್ತಿ ಹಿಡಿದು ಉಳಿದ ಉರಿಯನ್ನೂ ಆರಿಸಿದರು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ, ಅವರ ಎರಡು ಬೆರಳಿನ ಹೊರತು.

ಇಲ್ಲಿಗೆ ಮುಗಿಸಬಹುದಿತ್ತು. ವ್ಯಾಪಾರಿಗಳೇ, "ಇರಲಿ ಬಿಡಿ, ಒಂದು ಹಾಗಾಯ್ತು. ಇನ್ನೊಂದು ಹಚ್ಚಿ" ಎಂದರು. ಗಂಗಣ್ಣನವರು ಕೊಳಾಯಿಯ ಕೆಳಗಿದ್ದ ಯಾರದೋ ತಾಮ್ರದ ಹಂಡೆಯನ್ನು ಎಳೆದು, ಸ್ಟೌವಿಗೆ ಗಾಳಿ ಹೊಡೆದು, ಎಲ್ಲರೆದುರು ಮುಳುಗಿಸಿದರು. ಗುಳ್ಳೆಗಳು ಎದ್ದವು. ಅನ್ನ ಕುದಿಯುವಾಗ ಏಳುವಂತೆ, ಸಾಲಾಗಿ.

"ನೋಡಿ" ಎಂದರು. "ನಾನು ಹತ್ತಕ್ಕೊಂದು ಸಾಕು ಅಂದೆ. ನಂದೇ ತಪ್ಪು. ಈ ಎರಡು ವಾರದಲ್ಲಿ ತಗೊಂಡೋರು ಯಾರೂ ಇವತ್ತು ಸ್ಟೌವ್ ಹಚ್ಬೇಡಿ. ನಾವೇ ಮನೆಗೆ ಬರ್ತೀವಿ."

"ಅಲ್ಲಾ ಗಂಗಣ್ಣ, ಮಾರೋಕೆ ಬಂದೋರು ಹಿಂಗೆ ಹೇಳ್ತಾರೇನ್ರೀ?" ಎಂದರು ವ್ಯಾಪಾರಿಗಳು. ಅವರ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಮರುಕವಿತ್ತು. ಛತ್ರಿ ಬಿಚ್ಚಿಕೊಂಡು ಹೊರಟುಹೋದರು.

ಅವರು ಮತ್ತೆ ಬಂದರು, ಇನ್ನೂ ದೊಡ್ಡ ಬೇಡಿಕೆಯೊಡನೆ ಬಂದರು ಎಂದು ಹೇಳಲು ನನಗೂ ಆಸೆ. ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣುತ್ತದೆ. ಅವರು ಬರಲಿಲ್ಲ. ಶೆಡ್ಡು ಕಡೆಯವರೆಗೂ ಶೆಡ್ಡಾಗಿಯೇ ಉಳಿಯಿತು. ಆ ದಿನ ಕತ್ತಲಾಗುವ ಮುಂಚೆ ಮನೆಮನೆಗೆ ಹೋಗಿ ಮೂಟೆ ಕಟ್ಟಿ ಸ್ಟೌವ್ ತಂದೆವು. ಒಬ್ಬ ಅಜ್ಜಿ ಕೊಡಲೊಲ್ಲದೆ, "ಚೆನ್ನಾಗಿ ಉರಿತಿದೆ ಕಣಪ್ಪ, ನಿನಗೇನು ಹೊಟ್ಟೆಕಿಚ್ಚು?" ಎಂದು ಬಾಗಿಲು ಹಾಕಿಕೊಂಡರು. ತಂದವನ್ನೆಲ್ಲ ಮುಳುಗಿಸಿದೆವು. ಗುಳ್ಳೆ ಎದ್ದದ್ದು ಇನ್ನೂ ನಾಲ್ಕರಲ್ಲಿ. ಅದರಲ್ಲಿ ಒಂದು ಆ ಅಜ್ಜಿಯದು. ಅದನ್ನು ತರಲು ಗಂಗಣ್ಣನವರು ಮೂರು ಸಲ ಹೋಗಿದ್ದರು.

ಕೆಲಸ ಮುಗಿದ ಮೇಲೆ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ, "ನಾಳೆಯಿಂದ ತೊಟ್ಟಿ ಕೆಲಸ ನಿಂದು ಕಣಯ್ಯ ಶಿವರಾಮು. ಒಂದೂ ಬಿಡಬೇಡ" ಎಂದರು. ಕೈ ಸುಟ್ಟಿದೆ, ಅದಕ್ಕೆ ನನಗೆ ಕೊಟ್ಟರು ಎಂದುಕೊಂಡೆ. ಬೆರಳು ವಾಸಿಯಾಯಿತು; ಕೆಲಸ ವಾಪಸು ಕೇಳಲಿಲ್ಲ. ಮಾರುವ ಮಾತಿನ ಕೆಲಸವೂ ನನ್ನಲ್ಲೇ ಉಳಿಯಿತು. ಆದರೆ ನಾನೇ ಮುಳುಗಿಸಿ ನೋಡಿದ ಸ್ಟೌವಿನ ಮುಂದೆ ನಿಂತಾಗ ನನ್ನ ಭಾಷಣ ತಾನಾಗಿಯೇ ಅರ್ಧಕ್ಕಿಳಿಯಿತು. ಕರ್ಚೀಫಿನ ವಿಷಯ ನಾನು ಅವರಿಗೆ ಹೇಳಲಿಲ್ಲ. ಹೇಳಬೇಕೆಂದು ಎಷ್ಟು ಸಲ ತೊಟ್ಟಿಯ ಬಳಿ ಬಾಯಿ ತೆರೆದೆನೋ. ಕಡೆಗೆ ಒಂದು ದಿನ ಅವರೇ ತೀರಿಕೊಂಡರು.

ಭಾಷಣಕ್ಕೆ ಮುಂಚೆ ನೆನಪು ಸರಿಯಿದೆಯೇ ನೋಡೋಣವೆಂದು ಹೋದ ವಾರ ಪುಟ್ಟಲಕ್ಷ್ಮಮ್ಮನವರ ಮನೆಗೆ ಹೋಗಿದ್ದೆ. ಹಂಡೆ ತಾಮ್ರದ್ದಲ್ಲ, ಹಿತ್ತಾಳೆಯದು ಎಂದು ತಿದ್ದಿದರು. ಅದು ಅವರದೇ ಹಂಡೆ. ಧೈರ್ಯ ಮಾಡಿ ಕರ್ಚೀಫಿನ ಮಾತು ತೆಗೆದೆ.

"ನಾನು ನೋಡಿದ್ನಲ್ಲ" ಎಂದರು. "ಅವತ್ತೇ ನಿಮ್ಮ ಯಜಮಾನ್ರು ಹಂಡೆ ವಾಪಸ್ ಕೊಡೋಕೆ ಬಂದಾಗ ಅವರಿಗೆ ಹೇಳಿದೆ. ಆ ಹುಡುಗ ಒರೆಸಿಬಿಟ್ಟ, ಅವನನ್ನ ಬಿಡಿಸಿಬಿಡಿ ಅಂತ. 'ಗೊತ್ತಮ್ಮ. ಅವನನ್ನ ತೊಟ್ಟಿ ಹತ್ರ ಕೂರಿಸ್ತೀನಿ. ಇನ್ಮೇಲೆ ಅವನಷ್ಟು ಚೆನ್ನಾಗಿ ಇನ್ಯಾರೂ ನೋಡಲ್ಲ' ಅಂದ್ರು."

ಅವರು ಕಾಫಿ ತರಿಸಿದರು.

ಮೊಮ್ಮಗಳಿಗೆ ಹೇಳಿದ್ದೇನೆ, ಐದು ಪಾಯಿಂಟು ನನ್ನಲ್ಲಿಲ್ಲ, ಸ್ಕ್ರೀನ್ ಬೇಡ, ಒಂದು ಹಂಡೆ ನೀರು ಸಾಕು ಎಂದು. ಅಂದಿನವರಲ್ಲಿ ಗಂಗಣ್ಣನವರಿಲ್ಲ, ವ್ಯಾಪಾರಿಗಳಿಲ್ಲ, ಅಜ್ಜಿಯಂತೂ ಇಲ್ಲ. ನನಗೆ ತಿಳಿದಂತೆ ಉಳಿದಿರುವವರು ನಾನು ಮತ್ತು ಪುಟ್ಟಲಕ್ಷ್ಮಮ್ಮನವರು. ನನ್ನ ಮಾತು ನಂಬಬೇಡಿ. ಒರೆಸಿದ ಕೈ ನನ್ನದು. ಅವರು ಬಸವೇಶ್ವರನಗರದಲ್ಲಿ ಮಗನ ಮನೆಯಲ್ಲಿದ್ದಾರೆ, ಹೋಗಿ ಕೇಳಿ. ಗ್ಯಾಸ್ ಸಿಲಿಂಡರ್ ಬಂದ ದಿನ ಮಾತ್ರ ಹೋಗಬೇಡಿ. ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ಸ್ವಂತ ಕಣ್ಣಿನಿಂದ ನೋಡುವವರೆಗೆ ಆ ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ.