ಆಯಿಯ ಬಲಗಣ್ಣು

ನಾಶಿಕಕ್ಕೆ ಬಂದ ಎರಡನೇ ವಾರ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಬೆಳಿಗ್ಗೆ ಏಳಕ್ಕೆ ಮಟನ್ ಅಂಗಡಿಯ ಮುಂದೆ ಡಬ್ಬಿ ಹಿಡಿದು ನಿಂತಿದ್ದೆ. ಬೇಕಾಗಿದ್ದದ್ದು ಆಡಿನ ಕಣ್ಣುಗಳು. ಕಣ್ಣಿನ ಡಾಕ್ಟರಾಗಲು ಹೊರಟವರು ಮನುಷ್ಯರ ಕಣ್ಣಿಗೆ ಕೈ ಹಚ್ಚುವ ಮುಂಚೆ ಆಡಿನ ಕಣ್ಣನ್ನು ಕೊಯ್ದು, ಹೊಲಿದು ಕೈ ಪಳಗಿಸಿಕೊಳ್ಳಬೇಕು. ಅವನ್ನು ತರುವ ಕೆಲಸ ಹೊಸದಾಗಿ ಸೇರಿದವರದು. ಅಂಗಡಿಯವರು "ಕಿತಿ ಪಾಹಿಜೆ?" ಎಂದರು, ಎಷ್ಟು ಬೇಕು ಎಂದು. ಭಾಷೆ ಬಾರದೆ ಆರು ಬೆರಳು ತೋರಿಸಿದೆ. ಆ ದಿನ ಕಲಬುರಗಿಯಿಂದ ಅವ್ವ ಫೋನ್ ಮಾಡಿ ಏನು ತಿಂದಿ ಎಂದು ಕೇಳಿದಳು. ಅವಲಕ್ಕಿ ಎಂದೆ. ಉಳಿದದ್ದನ್ನು ಇವತ್ತಿಗೂ ಹೇಳಿಲ್ಲ.

ನಮ್ಮ ರೊಟ್ಟಿಗೆ ಇಲ್ಲಿ ಭಾಕರಿ ಎನ್ನುತ್ತಾರೆ. ಬಡಿಯುವ ಸದ್ದು ನಮ್ಮನೆಯದ್ದೇ, ಆದರೆ ದಪ್ಪ, ಎರಡಕ್ಕೇ ಹೊಟ್ಟೆ ತುಂಬುತ್ತದೆ. ಮರಾಠಿ ಕಲಿಸಿದವರು ರೋಗಿಗಳು. "ವರ್ ಬಘಾ" ಎಂದರೆ ಮೇಲೆ ನೋಡಿ, "ಖಾಲಿ ಬಘಾ" ಎಂದರೆ ಕೆಳಗೆ ನೋಡಿ. ಎಷ್ಟೋ ತಿಂಗಳು ನನ್ನ ಮರಾಠಿ ಕಣ್ಣಿನಿಂದ ಕೆಳಗೆ ಇಳಿಯಲೇ ಇಲ್ಲ. ಹೊಟ್ಟೆನೋವು ಎನ್ನಲೂ ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ನಗುತ್ತಿದ್ದೆ, ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಎರಡನೇ ವರ್ಷ ಆಪರೇಷನ್ ಕಲಿಯಲು ನನ್ನನ್ನು ಛತ್ರಪತಿ ಸಂಭಾಜಿನಗರದ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿ ಸಿಕ್ಕವರು ಭಾಲ್ಕಿ ಕಡೆಯ ಒಬ್ಬ ಅಜ್ಜಿ. ಮಗನದು ಅದೇ ಊರಲ್ಲಿ ಕಿರಾಣಿ ಅಂಗಡಿ. ಮೊಮ್ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗದ್ದ ಇಲ್ಲಿ ಇಡ್ರಿ ಎಂದು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ನನ್ನ ಕೈ ಹಿಡಿದುಕೊಂಡರು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ, ಇಲ್ಲಿ ಆಯಿ ಎಂದರೆ ತಾಯಿ. ನಾನೂ ಆಯಿ ಎಂದೆ. ಬಲಗಣ್ಣಿನ ಆಪರೇಷನ್ ಈ ಹುಡುಗಿಯೇ ಮಾಡಬೇಕು, ಬೇರೆ ಯಾರೂ ಬೇಡ ಎಂದು ಅವರು ಮಗನ ಮುಂದೆ ಹಟ ಹಿಡಿದರು. ನಾನಿನ್ನೂ ಕಲಿಯುವವಳು, ಪಕ್ಕದಲ್ಲಿ ಕಲಿಸುವ ಸರ್ ಇರುತ್ತಾರೆ ಎಂದೆ. ಆಯಿ ಹೆದರಿ ಹಿಂದೆ ಸರಿಯುವಷ್ಟು ಬಿಡಿಸಿ ಹೇಳಲಿಲ್ಲ. ಮೊದಲಿನಿಂದ ಕೊನೆಯವರೆಗೆ ನಾನೊಬ್ಬಳೇ ಮಾಡುವ ಮೊದಲ ಆಪರೇಷನ್ ಅದಾಗಬಹುದಿತ್ತು. ನನಗೆ ಆಸೆಯಾಗಿತ್ತು.

ಪೊರೆ ತೆಗೆಯುವಾಗ ರೋಗಿಗೆ ಎಚ್ಚರವಿರುತ್ತದೆ. ಮುಖದ ಮೇಲೆ ಬಟ್ಟೆ, ಕಣ್ಣು ಮಾತ್ರ ಜೋಮು, ಕಿವಿ ಚುರುಕಾಗಿಯೇ ಇರುತ್ತದೆ. ಅದಕ್ಕೇ ನಮ್ಮ ಕೈ ತಪ್ಪಿದರೆ ಸರ್ ಗದರುವುದಿಲ್ಲ. ಮಣಿಕಟ್ಟಿನ ಮೇಲೆ ಎರಡು ಸಲ ಬೆರಳಿನಿಂದ ತಟ್ಟುತ್ತಾರೆ. ತಟ್ಟಿದರೆ ಸದ್ದಿಲ್ಲದೆ ಕುರ್ಚಿ ಬಿಡಬೇಕು.

ಪೊರೆ ತೆಗೆದಾಗಿತ್ತು. ಉಳಿದ ಚೂರುಗಳನ್ನು ಹೀರುತ್ತಿದ್ದಾಗ ಹಿಂದಿನ ತೆಳುವಾದ ಚೀಲ ಹರಿಯಿತು. ಹೊಸ ಲೆನ್ಸ್ ಕೂರಬೇಕಾದದ್ದು ಅದರೊಳಗೇ. ಹರಿದದ್ದು ಮೈಕ್ರೋಸ್ಕೋಪಿನಲ್ಲಿ ನನಗೆ ದೊಡ್ಡದಾಗಿ ಕಾಣುತ್ತಿತ್ತು, ಕೈ ಮಾತ್ರ ನನ್ನದಲ್ಲ ಎನ್ನುವ ಹಾಗೆ ನಿಂತುಬಿಟ್ಟಿತ್ತು. ಎರಡು ತಟ್ಟು ಬಿತ್ತು. ಎದ್ದೆ, ಸರ್ ಕೂತರು. ಅಜ್ಜಿ ತಲೆ ಅಲುಗಿಸಬಾರದು, ನೀನು ಮಾತಾಡಿಸುತ್ತಿರು ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. ನಾನು ಪಕ್ಕಕ್ಕೆ ನಿಂತು ಭಾಲ್ಕಿಯ ಸಂತೆ, ಜೋಳದ ರೇಟು, ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಹೂಂ ಹೂಂ ಎನ್ನುತ್ತಿದ್ದ ಆಯಿ ನಡುವೆ ಸುಮ್ಮನಾದರು. ನಾನು ನಿಲ್ಲಿಸಲಿಲ್ಲ.

ತೊಡಕಾಯಿತು, ಆದರೂ ಲೆನ್ಸ್ ಚೀಲದ ಮುಂದೆ ಕೂತಿದೆ, ದೃಷ್ಟಿ ತಿಳಿಯಾಗಲು ದಿನ ಹಿಡಿಯುತ್ತದೆ ಎಂದು ಸರ್ ಮಗನಿಗೆ ಮರಾಠಿಯಲ್ಲಿ ವಿವರಿಸಿದರು. ಆಯಿಗೆ ಹೇಳುವುದು ನನ್ನ ಪಾಲಿಗೆ ಬಂತು. ನಾನು ಕಣ್ಣಿಗೆ ಹನಿ ಹಾಕುವುದು ಹೇಗೆಂದು ಮಾತ್ರ ಹೇಳಿ ಬಂದೆ.

ಕೆಲವು ವಾರಗಳ ನಂತರ ಎಡಗಣ್ಣಿಗೆಂದು ಬಂದರು. ಬಲಗಣ್ಣಿಗೆ ಮುಖಗಳು ಕಾಣುತ್ತಿದ್ದವು, ಆದರೆ ಗೋಡೆಯ ಮೇಲಿನ ಅಕ್ಷರದ ಸಾಲುಗಳಲ್ಲಿ ಅರ್ಧಕ್ಕೇ ನಿಂತರು. ಈ ಸಲವೂ ನನ್ನನ್ನೇ ಕೇಳಿದರಂತೆ. ಇನ್ನು ತಡೆಯಲಾಗಲಿಲ್ಲ.

"ಆಯಿ, ಆವತ್ತ ನನ್ನ ಕೈ ತಪ್ಪಿತ್ರಿ. ಅರ್ಧ ಆಪರೇಷನ್ ಸರ್ ಮಾಡ್ಯಾರ. ನಿಮಗ ನಾ ಹೇಳಿಲ್ಲ."

"ಗೊತ್ತದವ್ವ. ನಿನ್ನ ಧ್ವನಿ ಬಾಜೂಕ ಹೋತು, ಕೈ ಮಾತ್ರ ಕಣ್ಣಾಗೇ ಇತ್ತು."

ಮತ್ತೆ ಆಗಲೇ ಯಾಕೆ ಕೇಳಲಿಲ್ಲ ಎಂದೆ.

"ಯಾರಿಗಿ ಕೇಳ್ಲಿ? ಈ ದವಾಖಾನ್ಯಾಗ ನನ್ನ ಮಾತು ತಿಳಿಯಾಕಿ ನೀ ಒಬ್ಬಾಕಿ. ನೀನೇ ಸಂತಿ ಸುದ್ದಿ ಹೇಳಲಾಕತ್ತಿದ್ದಿ."

ಅವರ ಚೀಟಿಯನ್ನು ಸರ್ ಮೇಜಿನ ಮೇಲೆ ಇಟ್ಟು ಬಂದೆ. ಎಡಗಣ್ಣನ್ನು ಸರ್ ಮಾಡಿದರು. ನಾನು ಪಕ್ಕದಲ್ಲಿ ನಿಂತು, ಈಗ ನೀರು ಬಿಡ್ತಾರ, ಈಗ ಲೆನ್ಸ್ ಇಡ್ತಾರ ಎಂದು ಪ್ರತಿಯೊಂದನ್ನೂ ಹೇಳಿದೆ. ಆ ಕಣ್ಣು ಚೆನ್ನಾಗಿ ಕಾಣುತ್ತದೆ.

ಓದು ಮುಗಿಸಿ ಊರಿಗೆ ಯಾವಾಗ ಬರುತ್ತೀ ಎಂದು ಊರಲ್ಲಿರುವ ನೀವೆಲ್ಲ ಕೇಳುತ್ತೀರಿ. ಈಗ ಮರಾಠಿ ಮಾತಾಡುವವರ ಕಣ್ಣುಗಳಿಗೆ ನಾನೇ ಕೈ ಹಚ್ಚುತ್ತೇನೆ. ಸರ್ ತಟ್ಟದೆಯೇ ಎಷ್ಟೋ ಆಪರೇಷನ್ ಮುಗಿಸಿದ್ದೇನೆ. ಹೊರರೋಗಿಗಳ ಸಾಲಿನಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಜೀವ ಅತ್ತ ಎಳೆಯುತ್ತದೆ, ಎದ್ದು ಹೋಗಿ ಮಾತಾಡಿಸುತ್ತೇನೆ. ಆಮೇಲೆ ಅವರ ಚೀಟಿಯನ್ನು ಸರ್ ಮೇಜಿನ ಮೇಲೆ ಇಟ್ಟು ಬರುತ್ತೇನೆ.