ಯಂತ್ರಮಾನವನ ಸೆರಗು

ತೀರಿಹೋದ ಮಗನನ್ನು ಪ್ರತಿ ರವಿವಾರ ಸಂಜೆ ಟಿವಿಯಲ್ಲಿ ನೋಡುವ ಭಾಗ್ಯ ಎಷ್ಟು ಮಂದಿ ತಾಯಂದಿರಿಗೆ ಸಿಗುತ್ತದೆ? ನನಗೆ ಸಿಕ್ಕಿತ್ತು. ದೇವರು ದೊಡ್ಡದನ್ನು ಕಸಿದುಕೊಂಡು ಇಷ್ಟಾದರೂ ಉಳಿಸಿದ್ದಾನೆ ಎಂದು ಕೈಮುಗಿಯುತ್ತಿದ್ದೆ.

ಮಗ ವಿಜಯಪುರದ ಸಣ್ಣದೊಂದು ಕೇಬಲ್ ವಾಹಿನಿಯ ಮಕ್ಕಳ ಧಾರಾವಾಹಿಯಲ್ಲಿ ಯಂತ್ರಮಾನವನಾಗಿದ್ದ. ಬೇರೆ ಯಾವುದೋ ನಕ್ಷತ್ರದಿಂದ ಬಂದು ನಮ್ಮ ಕಡೆಯ ಹೊಲದಲ್ಲಿ ಇಳಿದ ಯಂತ್ರ ಅದು. ಈ ಭಾಗದ ಹುಡುಗರೆಲ್ಲ ಅದಕ್ಕೆ ‘ಯಂತ್ರಪ್ಪ’ ಎಂದೇ ಅನ್ನುತ್ತಿದ್ದರು. ಚಿತ್ರೀಕರಣ ನಡೆಯುತ್ತಿದ್ದುದು ಇಂಡಿ ಪಟ್ಟಣದಲ್ಲಿ, ಖಾಲಿ ಬಿದ್ದ ಒಂದು ಲಿಂಬೆಹಣ್ಣಿನ ಗೋದಾಮಿನಲ್ಲಿ. ಫೋಮು, ರೆಕ್ಸಿನ್ನು ಸೇರಿಸಿ ಆ ಉಡುಪನ್ನು ಹೊಲಿದವಳು ನನ್ನ ಸೊಸೆ, ಸಿಂದಗಿಯ ಇದೇ ಮನೆಯ ಪಡಸಾಲೆಯಲ್ಲಿ ಕುಳಿತು. ಮೇಲೆ ಬೆಳ್ಳಿಬಣ್ಣ ಬಳಿದವನು ಮಗ. ಒಳಗೆ ಹೊಕ್ಕ ಮೇಲೆ ಅವನ ಮುಖ ಕಾಣುತ್ತಿರಲಿಲ್ಲ, ದನಿಯನ್ನೂ ಯಂತ್ರದ ದನಿಯಾಗಿ ಬದಲಿಸುತ್ತಿದ್ದರು. ನಡಿಗೆ ಮಾತ್ರ ಅವನದೇ. ಸಣ್ಣವನಿದ್ದಾಗ ಬೇವಿನ ಮರದಿಂದ ಬಿದ್ದು ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಆ ಎಳೆತವೇ ಯಂತ್ರಪ್ಪನ ನಡಿಗೆಯಾಯಿತು.

ಒಂದು ಮುಂಜಾನೆ ಎದೆನೋವು ಎಂದ, ಮಧ್ಯಾಹ್ನದೊಳಗೆ ಇಲ್ಲವಾದ. ಧಾರಾವಾಹಿ ನಿಂತಿತು. ಕೆಲವು ತಿಂಗಳಾದ ಮೇಲೆ ಮತ್ತೆ ಬರತೊಡಗಿತು.

“ಹಳೇವ ತೋರಸಾಕತ್ತಾರ್ರಿ ಅತ್ತಿ,” ಎಂದಳು ಸೊಸೆ. “ಮೊದಲ ತಗದಿಟ್ಟದ್ದು ಭಾಳ ಐತಂತ.”

ಬಟ್ಟೆ ಹೊಲಿಯುವ ಕೆಲಸವಿದೆ ಎಂದು ಅವಳು ಆಗಾಗ ಇಂಡಿಗೆ ಹೋಗಿಬರುತ್ತಿದ್ದಳು. ಮನೆಯೊಳಗೆ ಕುಳಿತು ಕೊರಗುವುದಕ್ಕಿಂತ ಮೇಲು ಎಂದು ನಾನೂ ಸುಮ್ಮನಿದ್ದೆ. ಸೂತಕದ ಮನೆಯ ಹೆಣ್ಣುಮಗಳಿಗೆ ಬಸ್ಸಿನ ಕಿಟಕಿಯೂ ಒಂದು ದಯೆಯೇ.

ನನಗೆ ಮೊದಲು ಭಯ ಹತ್ತಿದ್ದು ಟಿವಿಯಿಂದಲ್ಲ, ಮನೆಯೊಳಗಿನ ಸಪ್ಪಳದಿಂದ.

ಒಂದು ಸಂಜೆ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಿದ್ದೆ. ಹಿಂದೆ ಹಾಸುಗಲ್ಲಿನ ಮೇಲೆ ಹೆಜ್ಜೆ ಕೇಳಿಸಿತು. ಒಂದು ಕಾಲು ಊರುವ ಸಪ್ಪಳ, ಆಮೇಲೆ ಇನ್ನೊಂದು ಕಾಲು ಎಳೆಯುವ ಸಪ್ಪಳ. ಲಿಂಗದ ಮೇಲಿಟ್ಟ ದೃಷ್ಟಿ ಕದಲಿಸಬಾರದು. ನಾನು ಕದಲಿಸಲಿಲ್ಲ, ಆದರೆ ಬೆನ್ನ ತುಂಬ ಮುಳ್ಳೆದ್ದವು. ಹೆಜ್ಜೆ ಅಡುಗೆಮನೆಯವರೆಗೆ ಹೋಗಿ ನಿಂತಿತು. ಪೂಜೆ ಮುಗಿಸಿ ಹೋಗಿ ನೋಡಿದರೆ ಸೊಸೆ ಕೊಡ ಇಳಿಸುತ್ತಿದ್ದಳು.

“ಕಾಲಿಗೇನಾತು?” ಎಂದೆ.

“ಕಾಲಿಗೆ? ಏನಾಗಿಲ್ಲಲ್ರಿ,” ಎಂದು ತನ್ನ ಕಾಲನ್ನೇ ನೋಡಿಕೊಂಡಳು. ಸುಳ್ಳು ಹೇಳುತ್ತಿರಲಿಲ್ಲ. ತಾನು ಹಾಗೆ ನಡೆದದ್ದು ಅವಳಿಗೇ ಗೊತ್ತಿರಲಿಲ್ಲ.

ಅಂದಿನಿಂದ ನಾನು ಗಮನಿಸತೊಡಗಿದೆ. ರೊಟ್ಟಿ ಬಡಿಯುವಾಗ ಮಗನ ಹಾಗೆ ಕುತ್ತಿಗೆ ಒಂದು ಕಡೆ ವಾಲಿಸುತ್ತಿದ್ದಳು. ಊಟ ಅರ್ಧಕ್ಕೇ ಬಿಡುತ್ತಿದ್ದಳು. ಕರೆದರೆ ಸ್ವಲ್ಪ ತಡವಾಗಿ ಓಗೊಡುತ್ತಿದ್ದಳು, ಎಲ್ಲಿಂದಲೋ ಬರಬೇಕಾದವಳ ಹಾಗೆ.

ಆಮೇಲಿನ ಒಂದು ರವಿವಾರ ಮಗ್ಗುಲ ಮನೆಯಾಕೆ ಧಾರಾವಾಹಿ ನೋಡಲು ಬಂದು ಕುಳಿತಿದ್ದಳು. ಸೊಸೆ ತವರಿಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದಳು. ಕಥೆಯಲ್ಲಿ ಮುದುಕ ವಿಜ್ಞಾನಿಯೊಬ್ಬ ಬಾಗಿಲು ತೆರೆದು ಒಳಗೆ ಬರುತ್ತಾನೆ. ಯಂತ್ರಪ್ಪ ಎದ್ದು ನಿಂತ. ನಿಂತವನ ಬೆಳ್ಳಿಬಣ್ಣದ ಬಲಗೈ ತಾನಾಗಿಯೇ ಮೇಲೇರಿತು. ಕಿವಿಯ ಹಿಂದಿನಿಂದ ಏನನ್ನೋ ಹಿಡಿದು ತಲೆಯ ಮೇಲೆ ಮುಂದಕ್ಕೆ ಎಳೆದುಕೊಂಡಿತು. ಅಲ್ಲಿ ಬಟ್ಟೆಯೇ ಇರಲಿಲ್ಲ. ಬೆರಳು ಬರೀ ಶಿರಸ್ತ್ರಾಣದ ಮೇಲೆ ಜಾರಿ ಕೆಳಗಿಳಿಯಿತು.

ಮಗ್ಗುಲ ಮನೆಯಾಕೆ ಚಹದ ಕಪ್ಪು ಕೆಳಗಿಟ್ಟಳು. “ಅಯ್ಯ ಯಕ್ಕಾ, ಯಂತ್ರಪ್ಪ ಸೆರಗು ಹೊತ್ಕೊಂಡನಲ್ಲ.”

ಹಿರಿಯರು ಒಳಗೆ ಬಂದರೆ ನಮ್ಮ ಕಡೆ ಸೊಸೆಯ ಕೈ ಕೇಳದೆಯೇ ತಲೆಗೆ ಹೋಗುತ್ತದೆ. ಬಾಗೇವಾಡಿಯಿಂದ ಮದುವೆಯಾಗಿ ಬಂದ ದಿನದಿಂದ ನನ್ನ ಕೈಯೂ ಹಾಗೇ ಹೋಗಿದೆ. ಬಸವನ ಬಾಗೇವಾಡಿಯ ಮಗಳಾಗಿ ಗಂಡು ಹೆಣ್ಣು ಒಂದೇ ಎಂದು ಕೇಳಿಯೇ ಬೆಳೆದವಳು ನಾನು. ಆದರೂ ಕೈಗೆ ಅದು ತಿಳಿದಿರಲಿಲ್ಲ. ಅಷ್ಟು ತಿಂಗಳು ನಾನು ಮಗನೆಂದು ನೋಡಿದ್ದು ಅವನ ಹೆಂಡತಿಯನ್ನು.

ಸೊಸೆ ತವರಿನಿಂದ ಬಂದ ಮೇಲೆ ನೇರವಾಗಿ ಕೇಳಿದೆ. ಅವಳು ಮುಚ್ಚಿಡಲಿಲ್ಲ.

“ಆ ಬಟ್ಟಿ ನನಗ ಸರಿ ಆಗತೈತ್ರಿ. ಯಂತ್ರಪ್ಪನ ನಡಿಗಿ ಬದಲಾಗಬಾರದು ಅಂದ್ರು. ಹಳೇವ ನೋಡಿ ನೋಡಿ ಕಲತೆ. ನಿಮಗ ಹೇಳಿದ್ರ ನೀವು ನೋಡೂದ ಬಿಡ್ತೀರಿ ಅಂತ ಹೇಳಲಿಲ್ಲ.”

“ನನಗೋಸ್ಕರ ಹೊಕ್ಕಿಯೇನು ಅದರೊಳಗ?”

ಅವಳು ದನಿ ಇಳಿಸಿ ಹೇಳಿದಳು. “ತೆಲಿಮ್ಯಾಲೆ ಅದನ್ನ ಹಾಕ್ಕೊಂಡ್ರ ಒಳಗ ಉಸಿರು ಕೇಳಸ್ತೈತ್ರಿ ಅತ್ತಿ. ನಂದಲ್ಲ. ನಾ ಉಸಿರು ಹಿಡದು ನೋಡೇನಿ, ಆಗೂ ಕೇಳಸ್ತೈತಿ. ಮನಿಗಿ ಬಂದ್ರ ಏನೂ ಕೇಳಸಂಗಿಲ್ಲ.”

ಹೊರಗೆ ಬಿಸಿಲಿತ್ತು, ಬೀದಿಯಲ್ಲಿ ಮೊಸರು ಮಾರುವವಳು ಕೂಗುತ್ತಿದ್ದಳು. ಅದು ಅವಳದೇ ಉಸಿರು ಎಂದು ಹೇಳಲು ಬಾಯಿ ತೆರೆದೆ. ಹೇಳಲು ಆಗಲಿಲ್ಲ. ನನಗೂ ಅದು ಕೇಳಬೇಕೆನ್ನಿಸಿತ್ತು.

ಮುಂದಿನ ವಾರವೇ ಧಾರಾವಾಹಿ ಮಾಡುವ ಹುಡುಗ ಮನೆಗೆ ಬಂದ. ಅವನು ಬೇರೆ ಸೀಮೆಯವನಲ್ಲ, ನಿಡಗುಂದಿಯವನೇ. ಆದರೂ ಆ ಸೆರಗು ಎಳೆದದ್ದನ್ನು ಯಂತ್ರದ ಸಲಾಮು ಎಂದು ತಿಳಿದು ಹಾಗೇ ಬಿಟ್ಟಿದ್ದನಂತೆ.

“ಗಂಡಸ್ರಿಗೆ ಯಾರಿಗೂ ತಿಳೀಲಿಲ್ರಿ ಅಮ್ಮಾರ. ಹೆಣ್ಮಕ್ಕಳು ಫೋನ್ ಮ್ಯಾಲೆ ಫೋನ್ ಮಾಡಾಕತ್ತಾರ, ಒಳಗ ಯಾರ ಸೊಸಿ ಅದಾಳ ಅಂತ.”

“ಈಗೇನ ಮಾಡ್ತಿ?”

“ತಾಳಿಕೋಟಿ ಕಡೆ ಒಬ್ಬ ಹುಡುಗ ಅದಾನ್ರಿ, ಅವನ್ನ ಹಾಕಬಹುದು. ಇಲ್ಲಾಂದ್ರ ಇವ್ರನ್ನ ಇಟ್ಕೊಂಡು ಮಾರಿ ತೆರದು ತೋರಸಬೇಕು, ಯಂತ್ರಪ್ಪ ಈಗ ಹೆಣ್ಣು ಅಂತ. ಹುಡುಗ್ರು ಒಪ್ತಾರೋ ಇಲ್ಲೋ ಅಂಜಿಕಿ ಐತಿ.”

“ಹುಡುಗ್ರು ಬ್ಯಾರೆ ನಕ್ಷತ್ರದಿಂದ ಬಂದಾನ ಅಂದ್ರ ಒಪ್ಪತಾರ, ಹೆಂಗಸು ಅಂದ್ರ ಒಪ್ಪಂಗಿಲ್ಲೇನು?”

ಹುಡುಗ ನಕ್ಕ. ಸೊಸೆ ನಗಲಿಲ್ಲ. “ಮುಚ್ಚೇ ಇರ್ಲಿ,” ಎಂದಳು. “ಮುಚ್ಚಿದ್ರ ನಾ ಬರ್ತೇನಿ. ತೆರಿಯೂದಾದ್ರ ಒಲ್ಲೆ.”

ಮುಚ್ಚಿಯೇ ಇದ್ದರೆ ಮಗ ಪ್ರತಿ ರವಿವಾರ ಬರುತ್ತಾನೆ. ಆದರೆ ಈ ಹುಡುಗಿ ಒಂದು ದಿನ ಒಳಗಿನಿಂದ ಹೊರಗೆ ಬರುವುದೇ ಇಲ್ಲ. ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅವನು ಹೋದವನು, ಇವಳು ಇರುವವಳು. ಇಷ್ಟು ಸಣ್ಣ ಲೆಕ್ಕಕ್ಕೆ ನನಗೆ ಇಷ್ಟು ದಿನ ಬೇಕಾಯಿತು.

“ತೆರೀರಿ,” ಎಂದೆ. “ಆದ್ರ ಆಕೀನ ಇರಬೇಕು.” ಸೊಸೆಯ ಕೈ ಹಿಡಿದುಕೊಂಡೆ. “ನೋಡೂದ ಬಿಡಂಗಿಲ್ಲ ನಾ. ನಿನ್ನ ನೋಡ್ತೇನಿ.”

ಅವಳು ಅತ್ತಳು, ಸಿಟ್ಟು ಮಾಡಿದಳು, ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ಇಂಡಿಯ ಬಸ್ಸು ಹತ್ತಿದಳು.

ಆ ಕಂತು ಬಂದ ರವಿವಾರ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತೆವು. ಟಿವಿಯಲ್ಲಿ ಬೆಳ್ಳಿಬಣ್ಣದ ಎರಡು ಕೈ ಮೇಲೆದ್ದು ಶಿರಸ್ತ್ರಾಣವನ್ನು ಮೆಲ್ಲಗೆ ಎತ್ತಿದವು. ಗದ್ದ ಕಂಡಿತು, ತುಟಿ ಕಂಡಿತು. ನಿಜ ಹೇಳುತ್ತೇನೆ, ಹಣೆ ಕಾಣುವವರೆಗೂ ನಾನು ಮಗನ ಮುಖಕ್ಕೇ ಕಾಯುತ್ತಿದ್ದೆ. ಬಂದದ್ದು ಬೆವರಿಗೆ ಅಂಟಿದ ಕೂದಲು, ಗುಳಿಬಿದ್ದ ಕಣ್ಣು, ಬೆಳಕಿಗೆ ಕಿರಿದಾದ ನೋಟ. ಖಾಲಿ ಶಿರಸ್ತ್ರಾಣ ಅವಳ ಕೈಯಲ್ಲಿ ತೆರೆದ ಬಾಯಿಯ ಹಾಗೆ ನಮ್ಮ ಕಡೆ ತಿರುಗಿತ್ತು. ಅದರೊಳಗೆ ಕತ್ತಲೆಯಿತ್ತು, ಯಾರೂ ಇರಲಿಲ್ಲ.

ಪಕ್ಕದಲ್ಲಿ ಸೊಸೆ ಮುಂದಕ್ಕೆ ಬಾಗಿ ತನ್ನ ಮುಖವನ್ನೇ ನೋಡುತ್ತಿದ್ದಳು, ಗುರುತು ಹಿಡಿಯುವವಳ ಹಾಗೆ.

“ಅತ್ತಿ, ನಾ ಇಷ್ಟ ಸೊರಗೇನೇನ್ರಿ?”

“ಹೂಂ,” ಎಂದೆ. “ಏಳು, ಉಣ್ಣು ನಡಿ.”

ಅವಳು ಎದ್ದಳು.